ಕೊನೆಯ ರೀಲಿನ ಬೆಳಕು

ಜನವರಿ 9

ಕ್ಯಾಮೆರಾ ಮೇಷ್ಟ್ರಿಗೆ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ಹಳೆಯ ಸಿನಿಮಾ ರೀಲುಗಳನ್ನು ತೊಳೆದು, ಹರಿದಲ್ಲಿ ಅಂಟಿಸಿ, ಒಂದೊಂದೇ ಫ್ರೇಮನ್ನು ಕಂಪ್ಯೂಟರಿಗೆ ಏರಿಸಿ ಕಲೆ ಒರೆಸುವುದು ನನ್ನ ಕೆಲಸ. ಈ ವರ್ಷ ನನ್ನ ಮೇಜಿಗೆ ಬಂದಿರುವುದು ‘ಬಾವಿ ಕಾವಲು’. ಹೌದು, ನೀವು ಕ್ಯಾಮೆರಾ ಹಿಡಿದ ಅದೇ ಚಿತ್ರ. ಕುದುರೆ, ಕೋವಿ, ಅಗಲ ಟೋಪಿ, ಬಯಲು ತುಂಬ ಧೂಳು. ಐವತ್ತೊಂದು ವರ್ಷ ಗೋದಾಮಿನಲ್ಲಿ ಹೇಳುವವರು ಕೇಳುವವರು ಇಲ್ಲದೆ ಬಿದ್ದಿದ್ದ ಒಂಬತ್ತು ಡಬ್ಬಗಳನ್ನು ನಮ್ಮ ಕಂಪನಿ ತರಿಸಿಕೊಂಡಿದೆ. ಜನ ಮನೆಯಲ್ಲೇ ಕೂತು ನೋಡುವಂತೆ ಡಿಸ್ಕ್ ಮಾಡಿ ಹೊರತರುತ್ತಾರಂತೆ. ಇಡೀ ಚಿತ್ರವನ್ನು ನನ್ನೊಬ್ಬಳ ಜವಾಬ್ದಾರಿಗೆ ಬಿಟ್ಟಿರುವುದು ಇದೇ ಮೊದಲು. ಹಾಗಾಗಿ ಖುಷಿಯೂ ಇದೆ, ಭಯವೂ ಇದೆ.

ನಿಮಗೆ ಫೋನ್ ಮಾಡಿದ್ದೆ. ಹೆಂಗಸೊಬ್ಬರು ಎತ್ತಿ, “ಅವನು ಫೋನಿಗೆ ಬರಲ್ಲ. ಕಿವೀಲಿ ಜಲ್ಲಿಕಲ್ಲು ಸುರಿದ ಹಾಗೆ ಆಗುತ್ತಂತೆ. ಕಾಗದ ಬರೀರಿ, ಉತ್ತರ ಬರುತ್ತೆ” ಎಂದು ಇಟ್ಟೇಬಿಟ್ಟರು. ಅದಕ್ಕೇ ಈ ಕಾಗದ.

ಎಂಟು ರೀಲುಗಳು ಹೇಗೋ ಉಳಿದುಕೊಂಡಿವೆ. ಕಷ್ಟ ಇರುವುದು ಕೊನೆಯದರಲ್ಲಿ. ಮನೆ ಬಿಟ್ಟು ಹೋಗಿದ್ದ ತಮ್ಮ ಕುದುರೆ ಏರಿ ವಾಪಸು ಬರುತ್ತಾನೆ. ಕಳ್ಳರು ಬಂದಾರೆಂದು ಬಾವಿ ಕಾಯುತ್ತ ಕೂತ ಅಣ್ಣ ಗುಂಡು ಹಾರಿಸುತ್ತಾನೆ. ಮಾತಿಲ್ಲ, ಬರೀ ಗಾಳಿ. ಆ ದೃಶ್ಯದ ಪ್ರಿಂಟು ಮಸಿ ಬಳಿದ ಹಾಗಿದೆ. ಆಗಿನ ಪತ್ರಿಕೆಯೊಂದರಲ್ಲಿ “ಕೊನೆಯ ಹತ್ತು ನಿಮಿಷ ಗೋಣಿಚೀಲದೊಳಗೆ ಕೂತಂತಿತ್ತು” ಎಂದು ಬರೆದಿದ್ದಾರೆ. ಪ್ರಿಂಟ್ ಮಾಡುವಾಗ ಯಾವ ದೃಶ್ಯಕ್ಕೆ ಎಷ್ಟು ಬೆಳಕು ಕೊಡಬೇಕು ಎಂದು ನೀವು ಬರೆದ ಚೀಟಿ ಡಬ್ಬದಲ್ಲಿಲ್ಲ. ಅದೃಷ್ಟಕ್ಕೆ ಮೂಲ ನೆಗೆಟಿವ್ ಇದೆ. ಅದರಲ್ಲಿ ಎಲ್ಲವೂ ಇದೆ, ಮೇಷ್ಟ್ರೇ. ನಿಮ್ಮ ಬೆಳಕನ್ನು ಹೊರತೆಗೆಯದೆ ಬಿಡುವುದಿಲ್ಲ.

ಇಂತಿ,
ರೀಲು ತೊಳೆಯುವವಳು


ಜನವರಿ 24

ರೀಲ್ ಡಾಕ್ಟರಮ್ಮನವರಿಗೆ,

ಒಂಬತ್ತು ಡಬ್ಬವೂ ಉಳಿದಿವೆಯೇ? ಅವು ಸತ್ತೇ ಹೋಗಿವೆ ಅಂದುಕೊಂಡಿದ್ದೆ. ಗೋಣಿಚೀಲದ ಮಾತು ಬರೆದವನು ಹೋಗಿ ಎಷ್ಟೋ ವರ್ಷವಾಯಿತು, ಅವನ ಗೋಣಿಚೀಲ ಮಾತ್ರ ಇನ್ನೂ ನನ್ನ ತಲೆ ಮೇಲಿದೆ.

ಚಿತ್ರ ಓಡಿದ್ದು ಹನ್ನೊಂದು ದಿನ. ಥಿಯೇಟರಿನವರು ಜಿಪುಣರು, ಯಂತ್ರದ ದೀಪ ಅರ್ಧಕ್ಕೆ ಇಳಿಸಿ ಓಡಿಸುತ್ತಿದ್ದರು. ಕೊನೆಯ ದೃಶ್ಯ ಬಂದರೆ ಪರದೆ ಮೇಲೆ ಏನೂ ಇಲ್ಲ. ಜನ ಬೆಂಕಿಕಡ್ಡಿ ಗೀರಿ ಎತ್ತಿ ಹಿಡಿದು, “ಅಣ್ಣಾ, ಕಾಣ್ತಾ ಇದೆಯಾ?” ಎಂದು ಕೂಗುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದೇನೆ. ಅವತ್ತಿನಿಂದ ಈ ಕಸುಬಿನಲ್ಲಿ ನನ್ನ ಹೆಸರು ಕತ್ತಲೆ ಮೇಷ್ಟ್ರು. ಯಾರೂ ಕೆಲಸ ಕೊಡಲಿಲ್ಲ. ಉಳಿದ ಆಯುಷ್ಯವನ್ನೆಲ್ಲ ಅರ್ಜಿಗೆ ಅಂಟಿಸುವ ಫೋಟೋ ತೆಗೆದು ಕಳೆದೆ. ಗದ್ದ ಎತ್ತಿ, ನಗಬೇಡಿ, ಮುಗಿಯಿತು.

ನನ್ನ ಆಸೆ ಒಂದೇ. ಆ ಕೊನೆಯ ದೃಶ್ಯ ಕಾಣಬೇಕು. ನಾನು ಮಾಡಿದ್ದು ಏನು ಎಂದು ಜನ ಒಂದು ಸಲ ಕಣ್ಣಾರೆ ನೋಡಬೇಕು. ಅಷ್ಟಾದರೆ ಈ ಕತ್ತಲೆ ಹೆಸರನ್ನು ಇಲ್ಲೇ ಬಿಟ್ಟು ಹೋಗುತ್ತೇನೆ.

ಚೀಟಿ ಹೋಗಿದ್ದರೆ ಹೋಗಲಿ. ನಾನಿದ್ದೇನಲ್ಲ. ಫೋಟೋ ಹಾಕಿಸಿ ಕಳಿಸಿ, ನೋಡಿ ಹೇಳುತ್ತೇನೆ. ನಿರ್ದೇಶಕರೂ ಇಲ್ಲ, ಕುದುರೆಗಳೂ ಇಲ್ಲ. ಗೊತ್ತಿರುವವನು ನಾನೊಬ್ಬನೇ.

ಕತ್ತಲೆ ಮೇಷ್ಟ್ರು


ಫೆಬ್ರವರಿ 11

ಮೇಷ್ಟ್ರೇ,

ಮೊದಲು ಒಂದು ಮಾತು. ಎಪ್ಪತ್ತೊಂಬತ್ತರಲ್ಲೂ ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ನನ್ನದು ನೋಡಿ, ನಲವತ್ಮೂರಕ್ಕೇ ಕೋಳಿ ಕೆದರಿದ ಹಾಗೆ. ಇಷ್ಟು ಸ್ಥಿರವಾದ ಕೈಯಿರುವವರು ಕತ್ತಲೆಯಲ್ಲಿ ತಡಕಾಡಿ ಚಿತ್ರ ತೆಗೆದರು ಎಂದು ಯಾರು ನಂಬುತ್ತಾರೆ?

ನನ್ನ ಕೆಲಸದ ಕೋಣೆಗೆ ಕಿಟಕಿಯಿಲ್ಲ. ಎರಡು ಪರದೆ, ಒಂದು ತೊಳೆಯುವ ಯಂತ್ರ, ಹಳೆಯ ಫಿಲಂ ಕೊಳೆತರೆ ಬರುವ ಹುಳಿ ವಾಸನೆ. ಆ ವಾಸನೆ ಕೂದಲಿಗೆ ಹತ್ತಿ, ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಒಳ್ಳೆಯದೇ ಆಯಿತು, ಕಾಲು ಚಾಚಿ ಕೂರುತ್ತೇನೆ. ನಮ್ಮ ಮ್ಯಾನೇಜರು ದಿನಕ್ಕೊಂದು ಸಲ ಬಾಗಿಲಲ್ಲಿ ತಲೆ ಇಣುಕಿಸಿ “ಯಾವಾಗ?” ಎನ್ನುತ್ತಾರೆ. “ಆಗುವಾಗ” ಎನ್ನುತ್ತೇನೆ.

ಎರಡನೆಯ ರೀಲಿನಿಂದ ಎಂಟು ಫೋಟೋ ಇಟ್ಟಿದ್ದೇನೆ. ಕುದುರೆಗಳನ್ನು ತೊರೆ ದಾಟಿಸುವ ದೃಶ್ಯ. ನೆರಳಿನಲ್ಲಿ ಕಂದು ಜಾಸ್ತಿಯಾಯಿತೇ ಎಂದು ನನಗೆ ಅನುಮಾನ. ನಿಮ್ಮ ಕಣ್ಣು ಬೇಕು.

ಡಾಕ್ಟರಮ್ಮ


ಫೆಬ್ರವರಿ 28

ಡಾಕ್ಟರಮ್ಮ,

ಇನ್ನು ‘ರು’ ‘ರಿ’ ಎಲ್ಲ ಬಿಡುತ್ತೇನೆ, ನೀನು ನನ್ನ ಮಗಳ ವಯಸ್ಸಿನವಳು. ಮಗಳಿಲ್ಲ, ಅದು ಬೇರೆ ಮಾತು. ಅಕ್ಷರದ ಹೊಗಳಿಕೆ ಕೇಳಿ ನಮ್ಮಕ್ಕ ಅರ್ಧ ಗಂಟೆ ನಕ್ಕಳು. ಈ ಮನೆಯಲ್ಲಿ ಇರುವವರು ನಾವಿಬ್ಬರೇ. ಅವಳಿಗೆ ಎಂಬತ್ಮೂರು, ನಾಲಿಗೆಗೆ ಇಪ್ಪತ್ತು. ನೀನು ಫೋನ್ ಮಾಡಿದಾಗ ಇಟ್ಟವಳೂ ಅವಳೇ.

ಫೋಟೋ ಬಂದವು. ಬಲು ಚೆನ್ನಾಗಿವೆ. ಬಿಳಿ ಕುದುರೆಯ ಜೂಲಿನ ಮೇಲೆ ನೀರಹನಿ ಕೂಡ ಎಣಿಸಬಹುದು. ಆ ಕುದುರೆ ನನ್ನ ಟೋಪಿ ತಿಂದಿತ್ತು, ಗೊತ್ತೇ? ಸಾಯಂಕಾಲದವರೆಗೆ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕ್ಯಾಮೆರಾ ತಿರುಗಿಸಿದೆ.

ಕೊನೆಯ ರೀಲಿಗೆ ಯಾವಾಗ ಕೈ ಹಾಕುತ್ತೀಯ? ಅಕ್ಕ ದಿನಾ ಅಂಚೆಪೆಟ್ಟಿಗೆ ನೋಡಿ ಬರುತ್ತಾಳೆ. ನಾನು ನೋಡು ಅನ್ನುವುದಿಲ್ಲ, ಅವಳು ಬಿಡುವುದಿಲ್ಲ.

ಮೇಷ್ಟ್ರು


ಮಾರ್ಚ್ 19

ಮೇಷ್ಟ್ರೇ,

ಎಂಟು ಪುಟದ ಕಾಗದ, ಬೈಯಬೇಡಿ. ಕೊನೆಯ ರೀಲು ಮುಗಿಯಿತು. ಹೊರಗೆ ಬಂದ ಬೆಳಕು ನೋಡಿ ನಾನು ಕುರ್ಚಿಯಿಂದ ಎದ್ದು ನಿಂತೆ. ಮಸಿಯ ಹಿಂದೆ ಇಡೀ ಬಯಲು ಇತ್ತು! ಬಾವಿಯ ಕಟ್ಟೆಯ ಒಂದೊಂದು ಕಲ್ಲು, ತಮ್ಮನ ಗಡ್ಡದಲ್ಲಿ ಧೂಳು, ಅಣ್ಣನ ಬೆರಳು. ಹನ್ನೆರಡು ಫೋಟೋ ಇಟ್ಟಿದ್ದೇನೆ.

(ಪುಟ 3) ಇದು ಮುಖ್ಯ, ನಿಧಾನವಾಗಿ ಓದಿ. ನನ್ನನ್ನು ಒಂದು ವಿಷಯ ಕೊರೆಯುತ್ತಿದೆ. ಆಗಿನ ಕಾಲದಲ್ಲಿ ಮಧ್ಯಾಹ್ನ ಚಿತ್ರೀಕರಿಸಿ, ಪ್ರಿಂಟಿನಲ್ಲಿ ಬೆಳಕು ಇಳಿಸಿ ರಾತ್ರಿ ಮಾಡುತ್ತಿದ್ದಿರಿ. ಈ ದೃಶ್ಯವೂ ಹಾಗೆಯೇ ಇರಬಹುದೇ? ಇದಕ್ಕೆ ಮುಂಚಿನ ದೃಶ್ಯದಲ್ಲಿ ಅಂಗಡಿಯೊಳಗೆ ದೀಪ ಉರಿಯುತ್ತಿದೆ, ಆದರೆ ಆ ಅಂಗಡಿಗೆ ಕಿಟಕಿಯೇ ಇಲ್ಲ, ಹಗಲೂ ದೀಪ ಬೇಕು. ಡಬ್ಬಗಳ ಜೊತೆ ಬಂದ ನಿಮ್ಮ ಕ್ಯಾಮೆರಾ ಪುಸ್ತಕದಲ್ಲಿ “ಮಧ್ಯಾಹ್ನ 12.40, ಕಡು ಬಿಸಿಲು” ಎಂದಷ್ಟೇ ಇದೆ. ಪ್ರಿಂಟು ಕಪ್ಪಗಿರುವುದು ನೀವು ಬೇಕೆಂದೇ ಮಾಡಿದ್ದೋ, ಲ್ಯಾಬಿನವರು ಕೆಡಿಸಿದ್ದೋ ತಿಳಿಯುತ್ತಿಲ್ಲ. ನೀವು “ಆ ಕೊನೆಯ ದೃಶ್ಯ ಕಾಣಬೇಕು” ಎಂದಿದ್ದರಿಂದ ಸದ್ಯಕ್ಕೆ ಹಗಲಾಗಿಯೇ ಇಟ್ಟಿದ್ದೇನೆ. ಇನ್ನೊಂದು, ಬಾವಿಯ ನೀರಿನಲ್ಲಿ ಬಿಳಿಯ ಚುಕ್ಕೆಯೊಂದು ಸುಟ್ಟ ಗಾಯದ ಹಾಗೆ ಕಣ್ಣಿಗೆ ಚುಚ್ಚುತ್ತಿತ್ತು. ಲ್ಯಾಬಿನಲ್ಲಿ ಫಿಲಂ ತೊಳೆಯುವ ಮದ್ದಿನ ಕಲೆ ಎಂದುಕೊಂಡು ನಾನೂರ ಹನ್ನೆರಡು ಫ್ರೇಮುಗಳಲ್ಲಿ ಒರೆಸಿದೆ, ಹನ್ನೊಂದು ದಿನ ಹಿಡಿಯಿತು. ಹಗಲೋ ರಾತ್ರಿಯೋ, ಒಂದೇ ಒಂದು ಮಾತು ಬರೆಯಿರಿ. ರಾತ್ರಿ ಎಂದರೆ ಮೂರೇ ದಿನದಲ್ಲಿ ಬದಲಾಯಿಸುತ್ತೇನೆ. ಏಪ್ರಿಲ್ ಹತ್ತಕ್ಕೆ ಅಚ್ಚಿಗೆ ಹೋದ ಮೇಲೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

(ಪುಟ 4) ಅಂದಹಾಗೆ ಮ್ಯಾನೇಜರು ಇವತ್ತು ಒಳಗೇ ಬಂದು ನಿಂತು ನೋಡಿದರು. “ಯಾವಾಗ?” ಎನ್ನಲಿಲ್ಲ. ಮೂಗು ಮುಚ್ಚಿಕೊಳ್ಳುವುದನ್ನೂ ಮರೆತಿದ್ದರು…


ಏಪ್ರಿಲ್ 2

ಡಾಕ್ಟರಮ್ಮ,

ನಿನ್ನ ಮ್ಯಾನೇಜರ ಮೂಗಿನ ಕಥೆ ಕೇಳಿ ಇಬ್ಬರೂ ನಕ್ಕೆವು.

ಹನ್ನೆರಡು ಫೋಟೋಗಳನ್ನೂ ನೋಡಿದೆ. ಎಲ್ಲ ಸ್ಪಷ್ಟ. ಕಟ್ಟೆಯ ಕಲ್ಲು ಕಾಣುತ್ತದೆ, ಅಣ್ಣನ ಬೆರಳು ಕಾಣುತ್ತದೆ. ಏನೂ ಕಾಣುವುದಿಲ್ಲ ಎಂದು ಬೆಂಕಿಕಡ್ಡಿ ಗೀರಿದರಲ್ಲ, ಅವರಲ್ಲಿ ಒಬ್ಬನಾದರೂ ಬದುಕಿದ್ದು ಇದನ್ನು ನೋಡಲಿ. ಅಕ್ಕ ಒಂದೊಂದೇ ಫೋಟೋ ಎತ್ತಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ನಾನು ಮೇಲೆ ಕೈಯಾಡಿಸಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತುಬಿಟ್ಟೆ.

ನಾನು ಅಂದುಕೊಂಡಿದ್ದು ಇದೇ. ಇನ್ನು ಏನನ್ನೂ ಮುಟ್ಟಬೇಡ. ಹಾಗೇ ಅಚ್ಚಿಗೆ ಕಳಿಸು.

ಮೇಷ್ಟ್ರು


ಏಪ್ರಿಲ್ 6

ಮೇಷ್ಟ್ರೇ, ನಿಮ್ಮ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ಹಗಲೇ, ಹಾಗಾದರೆ. ಇವತ್ತೇ ಕಳಿಸಿದೆ. ಎರಡು ಸಾವಿರ ಪ್ರತಿ.


ಜೂನ್ 15

ಮೇಷ್ಟ್ರೇ,

ಕುಳಿತಿದ್ದೀರಾ? ಡಿಸ್ಕ್ ಈ ಪೊಟ್ಟಣದಲ್ಲಿದೆ. ಪತ್ರಿಕೆಯ ತುಂಡುಗಳೂ ಇವೆ, ಎಲ್ಲ ಕಡೆ ನಿಮ್ಮದೇ ಸುದ್ದಿ. ಒಬ್ಬರು ಬರೆದಿದ್ದಾರೆ: “ಹಾಡಹಗಲಲ್ಲಿ, ತಮ್ಮನ ಮುಖ ನೋಡುತ್ತಲೇ, ಗೊತ್ತಿದ್ದೂ ಅಣ್ಣ ಗುಂಡು ಹಾರಿಸುತ್ತಾನೆ. ಇಷ್ಟು ಕಟುವಾದ ಕೊನೆಯನ್ನು ಆ ಕಾಲದಲ್ಲಿ ಯಾರೂ ಮಾಡಿರಲಿಲ್ಲ.” ಓದಿ ನನಗೂ ಮೈ ಜುಮ್ಮೆಂದಿತು. ಅವನು ಯಾಕೆ ಹಾರಿಸಿದ ಎಂದು ಮೂರು ತಿಂಗಳು ತಲೆ ಕೆರೆದುಕೊಂಡಿದ್ದೆ, ಉತ್ತರ ಸಿಕ್ಕಿತು. ನಿಮ್ಮ ಎದೆಗಾರಿಕೆ ದೊಡ್ಡದು.

ಕತ್ತಲೆ ಮೇಷ್ಟ್ರು ಎಂದು ಇನ್ನು ಯಾರು ಕರೆಯುತ್ತಾರೋ ನೋಡೋಣ.

ನಿಮ್ಮ ಡಾಕ್ಟರಮ್ಮ


ಜುಲೈ 1

ಶ್ರೀಮತಿಯವರಿಗೆ,

ಡಿಸ್ಕ್ ತಲುಪಿತು. ನಿನ್ನೆ ಹಾಕಿಸಿದೆ. ಅಕ್ಕ ಈ ಚಿತ್ರ ನೋಡಿದ್ದು ಇದೇ ಮೊದಲು. ಬಿಡುಗಡೆಯಾದಾಗ ಅವಳು ದೂರದ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು, ಬರುವಷ್ಟರಲ್ಲಿ ಚಿತ್ರ ಎತ್ತಿದ್ದರು.

ತಮ್ಮನ ಕುದುರೆ ಬಂತು. “ಚಂದ್ರ ಹೇಗೆ ಬಂದಿದಾನೆ?” ಎಂದೆ. “ಎಲ್ಲಿ ಚಂದ್ರ? ನೆತ್ತಿ ಸುಡೋ ಬಿಸಿಲು” ಎಂದಳು. “ಬಾವಿಯಲ್ಲಿ ನೋಡಕ್ಕಾ” ಎಂದೆ. “ಬಾವಿಯಲ್ಲಿ ನೀರಿದೆ” ಎಂದಳು. ಆಮೇಲೆ ಗುಂಡು ಹಾರಿತು. “ಥೂ ಪಾಪಿ, ತಮ್ಮ ಅಂತ ಗೊತ್ತಿದ್ದೂ ಹೊಡೆದ್ನಲ್ಲೋ!” ಎಂದು ಅತ್ತಳು.

ಅದು ರಾತ್ರಿ. ಕತ್ತಲಲ್ಲಿ ಮುಖ ಕಾಣದೆ, ಕಳ್ಳ ಎಂದುಕೊಂಡು ಹೊಡೆಯುತ್ತಾನೆ. ಆ ಬಯಲಿಗೆಲ್ಲ ದೀಪ ಹಾಕುವ ಶಕ್ತಿ ನಮಗಿರಲಿಲ್ಲ. ಬಿಸಿಲಲ್ಲಿ ತೆಗೆದು ಪ್ರಿಂಟಿನಲ್ಲಿ ಇಳಿಸಿದೆ. ಹನ್ನೆರಡೂ ನಲವತ್ತೇ ಯಾಕೆ ಎಂದರೆ, ಸೂರ್ಯ ನೆಟ್ಟಗೆ ಬಾವಿಯೊಳಗೆ ಬೀಳುವುದು ಆ ಹೊತ್ತಿಗೆ ಮಾತ್ರ, ಆರು ನಿಮಿಷ. ಅದನ್ನು ಹಿಡಿದು ಬೆಳಕು ಇಳಿಸಿದರೆ ನೀರಿನಲ್ಲಿ ಚಂದ್ರ. ಆ ಆರು ನಿಮಿಷಕ್ಕೆ ನಾಲ್ಕು ದಿನ ಕಾದಿದ್ದೆ. ನನ್ನ ಜನ್ಮದಲ್ಲಿ ನಾನು ಮಾಡಿದ ಕೆಲಸ ಎಂದರೆ ಅದೊಂದು.

ಮೊದಲು ಜನ ಏನೂ ನೋಡಲಿಲ್ಲ. ಈಗ ಇಲ್ಲದ್ದನ್ನು ನೋಡುತ್ತಿದ್ದಾರೆ. ಒಂದು ಮಾತು ಕೇಳಲು ನಿಮಗೇನಾಗಿತ್ತು?


ಜುಲೈ 8

ಮೇಷ್ಟ್ರೇ,

ಕಾಗದ ಓದಿದೆ. ಆದರೆ ನಾನು ಕೇಳಿದ್ದೆ. ಮಾರ್ಚ್ 19ರ ಕಾಗದ ತೆಗೆದು ನೋಡಿ, ಮೂರನೆಯ ಪುಟ. ಹಗಲೋ ರಾತ್ರಿಯೋ ಎಂದು ಬಿಡಿಸಿ ಕೇಳಿದ್ದೆ. ಬಿಳಿ ಚುಕ್ಕೆಯ ವಿಷಯವನ್ನೂ ಬರೆದಿದ್ದೆ. ನೀವು ಫೋಟೋ ನೋಡಿ, ನಾನು ಅಂದುಕೊಂಡಿದ್ದು ಇದೇ, ಮುಟ್ಟಬೇಡ ಎಂದಿರಿ. ಬಿಸಿಲು ನಿಮಗೆ ಕಾಣಲಿಲ್ಲವೇ?

ನಿಮ್ಮ ಚಂದ್ರನನ್ನು ಹನ್ನೊಂದು ದಿನ ಕೂತು ನಾನೇ ಅಳಿಸಿದೆ.

ಮ್ಯಾನೇಜರ ಬಳಿ ಹೋದೆ. ಹೊಸದಾಗಿ ಅಚ್ಚು ಹಾಕೋಣ ಎಂದೆ. “ಜನ ಹೊಗಳುತ್ತಿರೋದೇ ಆ ಬಿಸಿಲನ್ನಮ್ಮ. ಈಗ ರಾತ್ರಿ ಅಂದರೆ ನಮ್ಮನ್ನು ಹುಚ್ಚರು ಅಂತಾರೆ” ಎಂದರು. ಒಂದು ಚೀಟಿಯನ್ನಾದರೂ ಹಾಕೋಣ ಎಂದೆ. ಎರಡು ಸಾವಿರವೂ ಖಾಲಿಯಂತೆ. ಮೇಲಿನವರಿಗೆ ಬರೆದೆ, ಉತ್ತರವೂ ಬರಲಿಲ್ಲ. ಹಕ್ಕು ಅವರದು, ಹೆಸರು ನಿಮ್ಮದು. ನನ್ನದು ಏನೂ ಇಲ್ಲ.


ಜುಲೈ 20

ಡಾಕ್ಟರಮ್ಮ,

ಅಕ್ಷರ ಅದೇ, ಮಾತು ಬೇರೆ, ಗಾಬರಿಯಾಗಬೇಡ. ನಾನು ಅವನ ಅಕ್ಕ. ನೀನು ಹೊಗಳಿದ ಮುತ್ತಿನಂಥ ಅಕ್ಷರ ನನ್ನದು, ಮೂವತ್ತೆರಡು ವರ್ಷ ಶಾಲೆಯ ಬೋರ್ಡಿನ ಮೇಲೆ ಬರೆದ ಕೈ. ನನ್ನ ತಮ್ಮನಿಗೆ ನಾಲ್ಕು ವರ್ಷದಿಂದ ಕಣ್ಣು ಕಾಣುವುದಿಲ್ಲ. ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ. ನೀನು ಬರೆದದ್ದನ್ನು ಓದುತ್ತೇನೆ, ಅವನು ಕೇಳುತ್ತಾನೆ. ನಿನಗೆ ಹೇಳೋಣ ಅಂದೆ. “ಕುರುಡ ಕ್ಯಾಮೆರಾಮನ್ ಅಂದರೆ ಮತ್ತೆ ಯಾವ ಫೋಟೋನೂ ಕಳಿಸಲ್ಲ ಕಣೇ” ಎಂದು ಕೈ ಹಿಡಿದುಕೊಂಡ.

ಫೋಟೋ ಬಂದಾಗ “ಹೇಗಿದೆ?” ಎಂದು ಕೇಳುತ್ತಿದ್ದ. ಎಲ್ಲ ಚೆನ್ನಾಗಿ ಕಾಣುತ್ತಿದೆ ಎನ್ನುತ್ತಿದ್ದೆ. ಕಾಣುತ್ತಲೂ ಇತ್ತು. ರಾತ್ರಿ ಇರಬೇಕಿತ್ತು ಎಂದು ನನಗೆ ಹೇಗೆ ಗೊತ್ತಾಗಬೇಕು? ಅವನಿಗೆ ಅದು ಎಷ್ಟು ಗೊತ್ತಿತ್ತೆಂದರೆ ಬಾಯಿಬಿಟ್ಟು ಹೇಳಲೇ ಇಲ್ಲ.

ಈಗ ನನ್ನ ತಪ್ಪು ಕೇಳು. ನಿನ್ನ ಮೊದಲ ಕಾಗದ ಪೂರ್ತಿ ಓದಿದ್ದೆ. ಬೆಳಕು, ಪ್ರಿಂಟು ಎಂದು ಬಂದಾಗ ಅವನು ಎದ್ದು ಹೋಗಿ ಕಿಟಕಿಯ ಹತ್ತಿರ ಮುಖ ಮಾಡಿ ನಿಂತ. ಬಿಸಿಲು ಮುಖಕ್ಕೆ ಬೀಳುತ್ತಿತ್ತು, ಅದನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದ. ಅವತ್ತು ಊಟ ಮಾಡಲಿಲ್ಲ. ಆಮೇಲಿಂದ ಬೆಳಕು, ಬಣ್ಣ, ನೆರಳು, ಹಗಲು ಎಂದು ಬಂದ ಕಡೆಯೆಲ್ಲ ನಾನು ಹಾರಿಸಿಬಿಡುತ್ತಿದ್ದೆ. ಮಾರ್ಚಿನ ಕಾಗದದಲ್ಲಿ ಮೂರನೆಯ ಪುಟ ಪೂರ್ತಿ ಅದೇ ಇತ್ತು. ಎರಡರಿಂದ ನೇರ ನಾಲ್ಕಕ್ಕೆ ಹೋದೆ, ಮೂಗಿನ ಕಥೆಗೆ. ಪಾಠ ಹಾರಿಸಿದ ಮಕ್ಕಳ ಕಿವಿ ಹಿಂಡುತ್ತಿದ್ದವಳು ನಾನು.

ಜುಲೈ 8ರ ಕಾಗದವನ್ನು ಅವನಿಗೆ ಓದಿಲ್ಲ. ಇನ್ನೂ ಬಂದಿಲ್ಲ ಎಂದಿದ್ದೇನೆ. ನಾನು ಓದುವುದರಲ್ಲಿ ಬಿಡುತ್ತೇನೆ ಎಂದು ಗೊತ್ತಾದರೆ, ನಾಳೆ ನಾನು ಹೊರಗೆ ಮೋಡ ಇದೆ ಎಂದರೂ ಅವನು ನಂಬುವುದಿಲ್ಲ. ಅವನಿಗೆ ಇರುವ ಕಣ್ಣು ಇದೊಂದೇ. ಕೇಳುವುದಕ್ಕೆ ಬಾಯಿ ಬರುವುದಿಲ್ಲ, ಆದರೂ ಕೇಳುತ್ತೇನೆ. ನೀನು ಕೇಳಿಯೇ ಇರಲಿಲ್ಲ ಎಂದು ಅವನಿಗೊಂದು ಕಾಗದ ಬರೆಯುತ್ತೀಯಾ?


ಜುಲೈ 29

ಮೇಷ್ಟ್ರಿಗೆ,

ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ತಪ್ಪು ನನ್ನದು. ಹಗಲೋ ರಾತ್ರಿಯೋ ಎಂದು ನಿಮ್ಮನ್ನು ಕೇಳಬೇಕಿತ್ತು, ಕೇಳಲಿಲ್ಲ. ಎಲ್ಲ ನನಗೇ ಗೊತ್ತು ಎಂದುಕೊಂಡೆ. ಡಿಸ್ಕನ್ನು ಸರಿಪಡಿಸಲು ಕಂಪನಿ ಒಪ್ಪುತ್ತಿಲ್ಲ. ನಾನು ಇನ್ನು ಏನೂ ಮಾಡಲಾರೆ.

ರೀಲು ತೊಳೆಯುವವಳು


ಆಗಸ್ಟ್ 18

ಡಾಕ್ಟರಮ್ಮ,

ನಿನ್ನ ಕಾಗದ ಅಕ್ಕ ಓದಿದಳು. ಮೂರು ಸಲ ಓದಿಸಿದೆ. ಓದುವಾಗ ಅವಳ ದನಿ ಎಲ್ಲಿ ನಡುಗುತ್ತದೆ ಎಂದು ಕೇಳಿದೆ. ಕಣ್ಣು ಹೋದವನಿಗೆ ಅಷ್ಟು ಕಿವಿ ಬಂದಿರುತ್ತದೆ. ನನಗೆ ಕಣ್ಣಿಲ್ಲ ಎಂದು ಅವಳು ನಿನಗೆ ಹೇಳಿರುತ್ತಾಳೆ, ಅದೂ ಗೊತ್ತು.

ಬಸ್ಸಿನ ಸೀಟು, ಮ್ಯಾನೇಜರ ಮೂಗು ಎಂದು ಪುಟಗಟ್ಟಲೆ ಬರೆಯುವ ನೀನು ಅದೊಂದು ಮಾತು ಕೇಳಲಿಲ್ಲ ಎಂದರೆ ನಾನು ನಂಬಬೇಕೇ? ಕೇಳಿರುತ್ತೀಯ. ಅದು ನನ್ನ ತನಕ ಬರಲಿಲ್ಲ.

ಇದನ್ನು ಬರೆಯುತ್ತಿರುವವಳ ಪೆನ್ನು ಈಗ ನಿಂತಿದೆ. ಬರಿಯಕ್ಕ, ಅಂದೆ. ಬರೆಯುತ್ತಿದ್ದಾಳೆ. ನೋಡುತ್ತೇನೆ ಎಂದು ಸುಳ್ಳು ಹೇಳಿ ಮೊದಲು ಕೆಡಿಸಿದವನು ನಾನು, ಅದನ್ನೂ ಬರಿ ಅಂದೆ.

ಎರಡು ಸಾವಿರ ಮನೆಗಳಲ್ಲಿ ಆ ಅಣ್ಣ ಹಾಡಹಗಲಲ್ಲಿ ಕೊಲೆಗಾರನಾಗಿ ಕೂತಿದ್ದಾನೆ. ಅವನನ್ನು ಬಿಡಿಸಿಕೊಂಡು ಬರಲು ನನ್ನ ಕೈಲಾಗುವುದಿಲ್ಲ, ನಿನ್ನ ಕೈಲೂ ಆಗುವುದಿಲ್ಲ. ನಾನು ಹೋದ ಮೇಲೆ ಅದೇ ನಿಜವಾಗುತ್ತದೆ.

ಈ ಮನೆಯಲ್ಲಿ ಮಾತ್ರ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಡಿಸ್ಕ್ ಹಾಕುತ್ತಾಳೆ. ಕೊನೆಯಲ್ಲಿ ಕುದುರೆ ಎರಡು ಸಲ ಕೆನೆಯುತ್ತದಲ್ಲ, ಆಗ ಟಿವಿಯ ಬೆಳಕನ್ನು ಪೂರ್ತಿ ಇಳಿಸಿಬಿಡುತ್ತಾಳೆ. ಆಮೇಲೆ ಇಬ್ಬರೂ ಸುಮ್ಮನೆ ಗಾಳಿ ಕೇಳುತ್ತ ಕೂರುತ್ತೇವೆ.

“ಏನಾದರೂ ಕಾಣ್ತಿದೆಯೇನಕ್ಕಾ?”

“ಏನೂ ಇಲ್ಲ ಕಣೋ.”

“ತಮ್ಮನ ಮುಖ?”

“ಕಾಣಲ್ಲ.”

ಗುಂಡಿನ ಸದ್ದಾಗುತ್ತದೆ. ಅವಳು ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಅವನಿಗೆ ಕಾಣಲಿಲ್ಲ ಬಿಡಕ್ಕಾ, ಎನ್ನುತ್ತೇನೆ.

ಕತ್ತಲೆ ಮೇಷ್ಟ್ರು